ಸಾಕುನಾಯಿಯ ಕಡಿತ ಮತ್ತು ಪರಿಹಾರದ ಪ್ರಶ್ನೆ

ಊರಿನಲ್ಲಿ ನಾಯಿ ಅಂಗಳದ ಪ್ರಾಣಿ. ಜಗಲಿಯ ಕೆಳಗೆ ಮಲಗಿರುತ್ತದೆ, ಅಪರಿಚಿತರು ತಡಮೆಯನ್ನು ದಾಟುವ ಮೊದಲೇ ಬೊಗಳುತ್ತದೆ, ಬಂದವರು ಅಲ್ಲಿಯೇ ನಿಂತು "ನಾಯಿ ಉಂಟೇ?" ಎಂದು ಕೂಗಿ ಕೇಳುತ್ತಾರೆ. ಮಹಾನಗರದ ಐದನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಈ ಅಂತರಕ್ಕೆ ಅವಕಾಶವೇ ಇಲ್ಲ. ಬಾಗಿಲು ತೆರೆದೊಡನೆ ನಾಯಿಯೂ ಬಂದವರೂ ಎದುರುಬದುರಾಗುತ್ತಾರೆ. ಲಿಫ್ಟಿನಲ್ಲಂತೂ ನಾಲ್ಕು ಮಂದಿ ಮತ್ತು ಒಂದು ನಾಯಿ ಒಂದೇ ಪೆಟ್ಟಿಗೆಯಲ್ಲಿ ನಿಂತಂತೆ. ಹೀಗಿರುವಾಗ ಪತ್ರಿಕೆ ಹಾಕುವ ಹುಡುಗ, ಅನಿಲದ ಸಿಲಿಂಡರ್ ಹೊತ್ತು ತರುವವನು, ಮನೆಗೆಲಸದ ಹೆಂಗಸು, ನೆರೆಮನೆಯ ಮಗು, ಇವರಲ್ಲಿ ಯಾರಿಗಾದರೂ ಒಂದು ದಿನ ಹಲ್ಲು ತಾಗಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಆ ಬಳಿಕ ಆರಂಭವಾಗುವುದು ಪರಿಹಾರದ ಮಾತು. ಈ ವಿಷಯವನ್ನು ಸಂಘದ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಬರೆಯುವುದೇಕೆಂದು ವಾಚಕರು ಕೇಳಬಹುದು. ಕಾರಣವಿದೆ. ನಾಯಿಕಡಿತದಲ್ಲಿ ವೈದ್ಯಕೀಯವೂ ಕಾನೂನೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಮೊದಲ ಒಂದು ಗಂಟೆಯಲ್ಲಿ ಮತ್ತು ಅನಂತರದ ಹತ್ತು ದಿನಗಳಲ್ಲಿ ನಾಯಿಯ ಒಡೆಯರು ಹೇಗೆ ನಡೆದುಕೊಂಡರೆಂಬುದರ ಮೇಲೆಯೇ ಕಚ್ಚಿಸಿಕೊಂಡವರ ಪ್ರಾಣವೂ ಒಡೆಯರು ತೆರಬೇಕಾದ ಬೆಲೆಯೂ ಬಹುಮಟ್ಟಿಗೆ ನಿಂತಿರುತ್ತದೆ. ಇನ್ನೊಂದು ಕಾರಣ, ನಮ್ಮ ಕನ್ನಡಿಗರು ಈ ವ್ಯವಹಾರದ ಎರಡು ಕಡೆಗಳಲ್ಲಿಯೂ ಇದ್ದಾರೆ ಎಂಬುದು. ನಾಯಿ ಸಾಕುವಷ್ಟು ಅನುಕೂಲವುಳ್ಳ ಕುಟುಂಬಗಳು ನಮ್ಮಲ್ಲಿವೆ. ಆ ಕುಟುಂಬಗಳ ಬಾಗಿಲಿಗೆ ಇಡ್ಲಿ ಸಾಂಬಾರಿನ ಪೊಟ್ಟಣವನ್ನು ತರುವ ಹೋಟೆಲಿನ ಹುಡುಗರೂ ನಮ್ಮವರೇ.

ಮೊದಲು ಗಾಯದ ಸಂಗತಿ. ಕಡಿತವಾದ ಕೂಡಲೇ ನಲ್ಲಿಯ ಕೆಳಗೆ ಗಾಯವನ್ನು ಹಿಡಿದು ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರವನ್ನು ನೋಡಿಯೇ ತೊಳೆಯಬೇಕು, ಏಕೆಂದರೆ ಗಾಬರಿಯಲ್ಲಿ ಎರಡು ನಿಮಿಷವೂ ಹದಿನೈದರಂತೆ ತೋರುತ್ತದೆ. ರೇಬೀಸ್ ರೋಗದ ವಿಷಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಅದು ನರಗಳನ್ನು ಸೇರುವ ಮೊದಲೇ ಆದಷ್ಟನ್ನು ತೊಳೆದುಹಾಕುವುದು ಈ ಕ್ರಿಯೆಯ ಉದ್ದೇಶ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್‌ನಂತಹ ಔಷಧವನ್ನು ಲೇಪಿಸಬಹುದು. ಸುಣ್ಣ, ಮೆಣಸಿನಪುಡಿ, ಅರಸಿನ, ಕಾಫಿಪುಡಿ ಮುಂತಾದವನ್ನು ಗಾಯಕ್ಕೆ ಒತ್ತುವ ಪದ್ಧತಿಯನ್ನು ನಾವು ಊರಿನಿಂದ ಕಟ್ಟಿ ತಂದಿದ್ದೇವೆ; ಅದನ್ನು ಬಿಡುವುದು ಒಳ್ಳೆಯದು. ಗಾಯವನ್ನು ಬಿಗಿಯಾಗಿ ಕಟ್ಟುವುದೂ ತತ್‌ಕ್ಷಣ ಹೊಲಿಗೆ ಹಾಕಿಸುವುದೂ ಸಲ್ಲದು. ಹೊಲಿಗೆ ಅನಿವಾರ್ಯವಾದಾಗ, ಗಾಯದೊಳಗೆ ಪ್ರತಿರಕ್ಷಕ ದ್ರವವನ್ನು ತುಂಬಿದ ಮೇಲೆ ವೈದ್ಯರು ಹಾಕುತ್ತಾರೆ.

ವೈದ್ಯರು ಕಡಿತವನ್ನು ಮೂರು ತರಗತಿಗಳಾಗಿ ವಿಂಗಡಿಸುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದ್ದರೆ ಅದು ಮೊದಲನೆಯದು, ಚಿಕಿತ್ಸೆ ಬೇಡ. ರಕ್ತ ಬಾರದ ತರಚು ಎರಡನೆಯದು, ಲಸಿಕೆ ಸಾಕು. ಹಲ್ಲು ಚರ್ಮವನ್ನು ಭೇದಿಸಿದ್ದರೆ ಮೂರನೆಯದು. ಆಗ ಲಸಿಕೆಯೊಂದಿಗೆ ರೇಬೀಸ್ ಪ್ರತಿರಕ್ಷಕ ಸೀರಮ್ ಎಂಬ ಇಮ್ಯುನೋಗ್ಲಾಬ್ಯುಲಿನನ್ನು ಗಾಯದ ಸುತ್ತಲೂ ಒಳಗೂ ಚುಚ್ಚಬೇಕು. ಅನೇಕರು ಲಸಿಕೆಯ ಒಂದು ಸೂಜಿಯನ್ನು ಚುಚ್ಚಿಸಿಕೊಂಡು ಸಮಾಧಾನಪಡುತ್ತಾರೆ. ಎರಡನೆಯದನ್ನು ಕೇಳುವುದೇ ಇಲ್ಲ. ಲಸಿಕೆಯಿಂದ ದೇಹವು ತನ್ನ ರಕ್ಷಣೆಯನ್ನು ತಾನೇ ಕಟ್ಟಿಕೊಳ್ಳಲು ಕೆಲವು ದಿನ ಬೇಕು. ಆ ನಡುವಿನ ದಿನಗಳಿಗೆ ಕಾವಲು ನಿಲ್ಲುವುದು ಈ ಸೀರಮ್. ಇದನ್ನು ಮೊದಲ ದಿನವೇ ಕೊಡಬೇಕು. ಅಂದು ದೊರೆಯದಿದ್ದರೆ ಮೊದಲ ಲಸಿಕೆಯ ಏಳು ದಿನಗಳೊಳಗೆ ಕೊಡಬಹುದು, ಆಮೇಲೆ ಪ್ರಯೋಜನವಿಲ್ಲ.

ಹಿರಿಯ ವಾಚಕರಿಗೆ ಹೊಕ್ಕುಳ ಸುತ್ತಲಿನ ಹದಿನಾಲ್ಕು ಚುಚ್ಚುಮದ್ದುಗಳ ನೆನಪಿರಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಈ ಚಿಕಿತ್ಸೆಯನ್ನು ಮೊದಲು ಆರಂಭಿಸಿದನು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಸ್ಥಾಪನೆಯಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆಯೇ ಆ ಹದಿನಾಲ್ಕು ಸೂಜಿಗಳದು. ಅದರ ನೋವಿಗೂ ದುಷ್ಪರಿಣಾಮಗಳಿಗೂ ಅಂಜಿ ಅರ್ಧದಲ್ಲಿಯೇ ಬಿಟ್ಟವರೆಷ್ಟೋ ಮಂದಿ. ಭಾರತದಲ್ಲಿ 2004ರ ಡಿಸೆಂಬರಿನಿಂದ ಅದನ್ನು ಸಂಪೂರ್ಣವಾಗಿ ಕೈಬಿಡಲಾಗಿದೆ. ಈಗಿನ ಲಸಿಕೆಯನ್ನು ತೋಳಿನ ಸ್ನಾಯುವಿಗೆ 0, 3, 7, 14, 28ನೆಯ ದಿನಗಳಲ್ಲಿ ಐದು ಬಾರಿ ಕೊಡುತ್ತಾರೆ. ಇಲ್ಲವೆ ಚರ್ಮದ ಪದರದೊಳಗೆ 0, 3, 7, 28ನೆಯ ದಿನಗಳಲ್ಲಿ ಎರಡೆರಡು ಚುಕ್ಕೆಗಳಂತೆ ಕೊಡುತ್ತಾರೆ. ಹೊಕ್ಕುಳಿನ ಭಯಕ್ಕೆ ಈಗ ಆಧಾರವಿಲ್ಲ. ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿದವರು ಮಾತ್ರ ಅತ್ಯಂತ ವಿರಳ; ಆ ವಿಷಯದಲ್ಲಿ ಪಾಶ್ಚರನ ಕಾಲಕ್ಕೂ ನಮ್ಮ ಕಾಲಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

"ನಮ್ಮ ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸುತ್ತೇವೆ, ಏನೂ ಆಗುವುದಿಲ್ಲ, ಸುಮ್ಮನಿರಿ" ಎಂಬುದು ಒಡೆಯರ ಬಾಯಿಂದ ಹೊರಡುವ ಮೊದಲ ವಾಕ್ಯ. ನಿಜವಿರಬಹುದು. ಆದರೆ ಅದನ್ನು ನಂಬಿ ಕಚ್ಚಿಸಿಕೊಂಡವನು ಚಿಕಿತ್ಸೆಯನ್ನು ಮುಂದೂಡಬಾರದು, ಒಡೆಯರೂ ಹಾಗೆ ಹೇಳಿ ತಡೆಯಬಾರದು. ಲಸಿಕೆಯ ಪುಸ್ತಕವನ್ನು ಆಸ್ಪತ್ರೆಗೆ ಕೊಂಡೊಯ್ದು ವೈದ್ಯರ ಕೈಗೆ ಕೊಡುವುದು ಯುಕ್ತ. ನಿರ್ಧಾರ ಅವರದು.

ಇನ್ನು ನಾಯಿಯ ವಿಚಾರ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕಡಿತವಾದ ಮರುದಿನವೇ ನಾಯಿಯನ್ನು ಪರಿಚಯದವರ ತೋಟದ ಮನೆಗೆ ಸಾಗಿಸುವುದು, ರಾತ್ರಿಯ ವೇಳೆ ಕಾರಿನಲ್ಲಿ ಕೂರಿಸಿ ನಗರದ ಹೊರಗೆ ಬಿಟ್ಟುಬರುವುದು, "ನಾಯಿ ನಮ್ಮದಲ್ಲ, ಅಳಿಯಂದಿರದು" ಎನ್ನುವುದು, ಇವೆಲ್ಲ ಕೇಳದ ಮಾತುಗಳಲ್ಲ. ಸಾಕ್ಷ್ಯವನ್ನು ಮರೆಮಾಡಿದರೆ ಹೊಣೆಯೂ ಮರೆಯಾಗುವುದೆಂಬ ಲೆಕ್ಕಾಚಾರ. ವಸ್ತುತಃ ಇದರಿಂದ ಮೂವರಿಗೂ ಕೇಡು.

ರೇಬೀಸ್ ತಗಲಿದ ನಾಯಿಯ ಜೊಲ್ಲಿನಲ್ಲಿ ವಿಷಾಣು ಕಾಣಿಸಿಕೊಳ್ಳುವುದು ರೋಗಲಕ್ಷಣಗಳಿಗೆ ಕೆಲವೇ ದಿನ ಮೊದಲು. ಲಕ್ಷಣ ತೋರಿದ ಮೇಲೆ ಅದು ಬಹಳ ದಿನ ಬದುಕುವುದಿಲ್ಲ. ಆದ್ದರಿಂದ ಕಚ್ಚಿದ ನಾಯಿಯು ಹತ್ತು ದಿನಗಳ ಬಳಿಕವೂ ಉಂಡು ತಿಂದು ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ವೈದ್ಯರು ತಿಳಿಯುತ್ತಾರೆ. ಚಿಕಿತ್ಸೆಯನ್ನು ಆ ಹತ್ತು ದಿನ ಕಾಯದೆ ಆರಂಭಿಸಲೇಬೇಕು. ನಾಯಿ ಆರೋಗ್ಯವಾಗಿ ಉಳಿದರೆ ಮುಂದಿನ ಸೂಜಿಗಳನ್ನು ಕಡಿಮೆ ಮಾಡುವ ಬಗ್ಗೆ ವೈದ್ಯರು ಯೋಚಿಸಬಹುದು. ನಾಯಿಯೇ ಕಣ್ಮರೆಯಾದರೆ ಈ ಸಮಾಧಾನವನ್ನು ಕೊಡುವವರಾರು? ರೋಗ ತಲೆದೋರಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಅಪರೂಪಕ್ಕೆ ವರ್ಷವನ್ನೂ ಮೀರಬಹುದು. ಕಚ್ಚಿಸಿಕೊಂಡವನು ಅಷ್ಟೂ ಕಾಲ ಪ್ರತಿಯೊಂದು ಜ್ವರಕ್ಕೂ ನಡುಗುತ್ತಾ ಕೂರಬೇಕಾಗುತ್ತದೆ. ಆ ನಡುಕವೇ ಮುಂದೆ ವಕೀಲರ ನೋಟೀಸಿನಲ್ಲಿ "ಮಾನಸಿಕ ಯಾತನೆ" ಎಂಬ ಹೆಸರಿನಿಂದ ದೊಡ್ಡ ಅಂಕೆಯಾಗಿ ನಿಲ್ಲುತ್ತದೆ. ಉಪವಾಸಕ್ಕೆ ಈಡಾಗುವಂತೆ ನಾಯಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಬೇರೆಯೇ ಒಂದು ಅಪರಾಧ. ಸಾಲದೆಂಬಂತೆ, ಬಚ್ಚಿಟ್ಟವನಲ್ಲಿ ತಪ್ಪಿದೆಯೆಂದು ಯಾವ ನ್ಯಾಯಾಧೀಶರಾದರೂ ಶಂಕಿಸುವುದು ಸಹಜ.

ಆದ್ದರಿಂದ ನಾಯಿಯನ್ನು ಮನೆಯಲ್ಲಿಯೇ ಕಟ್ಟಿಹಾಕಿ, ಪಶುವೈದ್ಯರಿಗೆ ತೋರಿಸಿ, ಕಡಿತದ ದಿನಾಂಕವನ್ನು ಅವರ ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು. ಹತ್ತನೆಯ ದಿನ ಮತ್ತೊಮ್ಮೆ ತೋರಿಸಿ "ಆರೋಗ್ಯವಾಗಿದೆ" ಎಂಬ ಪ್ರಮಾಣಪತ್ರವನ್ನು ಪಡೆದು, ಅದರ ಪ್ರತಿಯನ್ನು ಕಚ್ಚಿಸಿಕೊಂಡವರ ಮನೆಗೆ ತಾವೇ ಹೋಗಿ ಕೊಟ್ಟುಬರಬೇಕು. ಈ ಒಂದು ಕಾಗದ ಎಷ್ಟು ವ್ಯಾಜ್ಯಗಳನ್ನು ಹುಟ್ಟುವ ಮೊದಲೇ ಶಮನ ಮಾಡಬಲ್ಲುದೆಂಬುದನ್ನು ನಾಯಿ ಸಾಕುವವರು ಯೋಚಿಸಿಯೇ ಇರುವುದಿಲ್ಲ.

ಹೊಣೆ ಯಾರದು, ಎಷ್ಟು, ಎಂಬುದು ಮುಂದಿನ ಪ್ರಶ್ನೆ. ನಮ್ಮ ದೇಶದಲ್ಲಿ ಸಾಕುನಾಯಿ ಕಚ್ಚಿದುದಕ್ಕೆಂದೇ ಪರಿಹಾರವನ್ನು ಗೊತ್ತುಪಡಿಸುವ ಪ್ರತ್ಯೇಕ ಕೇಂದ್ರ ಕಾಯಿದೆ ಇಲ್ಲ. ಸಿವಿಲ್ ನ್ಯಾಯಾಲಯಗಳು ಇಂಗ್ಲೆಂಡಿನಿಂದ ಬಂದ ಹಳೆಯ ತತ್ತ್ವಗಳನ್ನು ಅನುಸರಿಸುತ್ತವೆ. ಹುಲಿ, ಕರಡಿಗಳಂತಹ ಕಾಡುಪ್ರಾಣಿಯನ್ನು ಸಾಕಿದವನು ಅದು ಮಾಡಿದ ಹಾನಿಗೆಲ್ಲ ಹೊಣೆ. ನಾಯಿ, ದನಗಳಂತಹ ಸಾಧುಪ್ರಾಣಿಯಾದರೆ ಅದರ ಕೆಟ್ಟ ಸ್ವಭಾವ ಒಡೆಯನಿಗೆ ಮೊದಲೇ ತಿಳಿದಿತ್ತೆಂದು ತೋರಿಸಬೇಕು. ಇಲ್ಲವೆ ಒಡೆಯನು ಎಚ್ಚರ ತಪ್ಪಿದನೆಂದು ತೋರಿಸಬೇಕು. ನಾಯಿಗೆ ಮೊದಲ ಕಡಿತ ಮಾಫಿ ಎಂಬ ಮಾತು ಹುಟ್ಟಿಕೊಂಡದ್ದು ಈ ತತ್ತ್ವದಿಂದಲೇ. ಅದನ್ನು ನೆಚ್ಚಿಕೊಂಡವರು ಅಜಾಗರೂಕತೆ ಎಂಬ ಎರಡನೆಯ ದಾರಿಯನ್ನು ಮರೆಯುತ್ತಾರೆ. ಹಗ್ಗವಿಲ್ಲದೆ ಮೆಟ್ಟಿಲ ಮೇಲೆ ಬಿಟ್ಟಿದ್ದರೆ, ಎಂಟು ವರ್ಷದ ಮಗುವಿನ ಕೈಯಲ್ಲಿ ದೊಡ್ಡ ನಾಯಿಯ ಹಗ್ಗವನ್ನು ಕೊಟ್ಟಿದ್ದರೆ, ಬಾಗಿಲ ಗಂಟೆ ಬಾರಿಸಿದಾಗ ನಾಯಿಯನ್ನು ಒಳಗೆ ಕಟ್ಟದೆ ಬಾಗಿಲು ತೆರೆದಿದ್ದರೆ, ಅದು ಮೊದಲ ಕಡಿತವೇ ಆಗಿರಲಿ, ಹೊಣೆ ತಪ್ಪುವುದು ಕಷ್ಟ.

"ನಾಯಿ ಇದೆ, ಎಚ್ಚರಿಕೆ" ಎಂಬ ಹಲಗೆಯನ್ನು ತೂಗುಹಾಕಿದರೆ ಕ್ಷೇಮವೆಂದು ಹಲವರು ಭಾವಿಸಿದ್ದಾರೆ. ಅಕ್ರಮವಾಗಿ ಒಳನುಗ್ಗಿದವನ ವಿರುದ್ಧ ಅದು ಸ್ವಲ್ಪ ನೆರವಾದೀತು. ಆದರೆ ಕರೆದ ಮೇಲೆ ಬಂದ ಹೋಟೆಲಿನ ಹುಡುಗನ ವಿರುದ್ಧ ಅದು ಒಡೆಯನಿಗೇ ತಿರುಗುಬಾಣವಾಗಬಹುದು. ನಾಯಿ ಅಪಾಯಕರವೆಂದು ತಿಳಿದೇ ಹಲಗೆ ಹಾಕಿದಿರಲ್ಲವೇ ಎಂದು ಎದುರು ವಕೀಲರು ಕೇಳದೆ ಇರುವರೇ? ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಗೂ ಪಾಟೀಸವಾಲಿನಲ್ಲಿ ಇದೇ ಗತಿ. ಬಂದವರ ಮೇಲೆಲ್ಲ ಎರಗಿ ಬೊಗಳುತ್ತಿತ್ತೆಂದು ನೆರೆಯವರು ಸಾಕ್ಷಿ ನುಡಿದರೆ, ಒಡೆಯನಿಗೆ ಸ್ವಭಾವ ತಿಳಿದಿತ್ತೆಂಬುದಕ್ಕೆ ಅದೇ ಆಧಾರ. ಇದಕ್ಕೆ ಪ್ರತಿಯಾಗಿ, ಕಚ್ಚಿಸಿಕೊಂಡವರು ನಾಯಿಯನ್ನು ಕೋಲಿನಿಂದ ಕೆಣಕಿದ್ದರೆ ಪರಿಹಾರ ತಗ್ಗುವುದುಂಟು.

ಸಿವಿಲ್ ಹೊಣೆಯ ಜತೆಗೆ ಕ್ರಿಮಿನಲ್ ಹೊಣೆಯೂ ಇದೆ. ಹಳೆಯ ದಂಡಸಂಹಿತೆಯ 289ನೆಯ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಜಾರಿಯಲ್ಲಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕೆ ಅಪಾಯವಾಗಲಿ ತೀವ್ರ ಗಾಯವಾಗಲಿ ಸಂಭವಿಸದಂತೆ ನೋಡಿಕೊಳ್ಳದೆ ಉಪೇಕ್ಷಿಸಿದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ದಂಡ ಸಣ್ಣದು; ಅಲೆದಾಟ ದೊಡ್ಡದು. ಮುಂಬಯಿಯಲ್ಲಿ 2010ರಲ್ಲಿ ನಡೆದ ಒಂದು ಕಡಿತಕ್ಕೆ ಸಂಬಂಧಿಸಿ ಒಡೆಯನಿಗೆ ಮೂರು ತಿಂಗಳ ಸಜೆ ಆದದ್ದು 2023ರಲ್ಲಿ. ಅದೇ ನಗರದಲ್ಲಿ 2018ರಲ್ಲಿ ಲಿಫ್ಟಿನೊಳಗೆ ನೆರೆಯವನನ್ನು ಕಚ್ಚಿದ ನಾಯಿಯ ಒಡೆಯನಿಗೆ 2025ರಲ್ಲಿ ನಾಲ್ಕು ತಿಂಗಳ ಸಜೆಯಾಯಿತು. ಚೆನ್ನೈಯ ಉದ್ಯಾನವೊಂದರಲ್ಲಿ 2024ರ ಮೇ ತಿಂಗಳಲ್ಲಿ ಎರಡು ರಾಟ್‌ವೈಲರ್ ನಾಯಿಗಳು ಐದು ವರ್ಷದ ಹುಡುಗಿಯನ್ನು ಕಚ್ಚಿದಾಗ ಪೋಲೀಸರು ಒಡೆಯನನ್ನು ಬಂಧಿಸಿದರು. ಹನ್ನೆರಡು ಹದಿಮೂರು ವರ್ಷ ತಾರೀಖಿನಿಂದ ತಾರೀಖಿಗೆ ನಡೆಯುವುದಕ್ಕಿಂತ ದೊಡ್ಡ ದಂಡ ಯಾವುದಿದೆ?

ಕೆಲವು ತಳಿಗಳನ್ನೇ ನಿಷೇಧಿಸಿದರೆ ಸಮಸ್ಯೆ ಮುಗಿಯುವುದೆಂಬ ವಾದವೂ ಇದೆ. ಕೇಂದ್ರ ಸರಕಾರ 2024ರ ಮಾರ್ಚಿಯಲ್ಲಿ 23 ತಳಿಗಳ ವಿರುದ್ಧ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳಲಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯ ಏಪ್ರಿಲಿನಲ್ಲಿ ಅದನ್ನು ರದ್ದುಗೊಳಿಸಿತು. ಹೌಸಿಂಗ್ ಸೊಸೈಟಿಗಳು ಬಹುಮತದ ಠರಾವಿನಿಂದ ಸಾಕುನಾಯಿಗಳನ್ನು ನಿಷೇಧಿಸುವುದಕ್ಕೂ ಲಿಫ್ಟನ್ನು ನಿರಾಕರಿಸುವುದಕ್ಕೂ ಅಧಿಕಾರವಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ನಾಯಿಯನ್ನು ಸಾಕುವ ಹಕ್ಕು ಇದೆ. ಅದರ ಬೆನ್ನಿಗೇ ಹೊಣೆಯೂ ಇದೆ. ನಗರಸಭೆಯಲ್ಲಿ ನಾಯಿಯನ್ನು ನೋಂದಾಯಿಸದೆ ಇದ್ದವರ ವಾದ ನ್ಯಾಯಾಲಯದಲ್ಲಿ ಮೊದಲ ಪುಟದಲ್ಲಿಯೇ ಸೊರಗುತ್ತದೆ.

ಈಗ ಹಣದ ಲೆಕ್ಕ. ಪಂಜಾಬ್ ಮತ್ತು ಹರಿಯಾಣಾ ಉಚ್ಚ ನ್ಯಾಯಾಲಯವು 2023ರ ನವೆಂಬರಿನಲ್ಲಿ ಒಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ ಗಾಯದ ಪ್ರತಿ 0.2 ಸೆಂಟಿಮೀಟರಿಗೆ ಕನಿಷ್ಠ 20,000 ರೂಪಾಯಿ ಎಂದು ಗೊತ್ತುಪಡಿಸಿತು. ಅಂದಿನಿಂದ ವಕೀಲರ ನೋಟೀಸುಗಳಲ್ಲಿ ಹಲ್ಲು ಎಣಿಸುವ ಹೊಸ ಗಣಿತ ಬಂದಿದೆ. ಆದರೆ ಆ ತೀರ್ಪು ಹುಟ್ಟಿದ್ದು ಮುಖ್ಯವಾಗಿ ಬೀದಿಯ ಪ್ರಾಣಿಗಳಿಂದಾಗುವ ಅಪಘಾತಗಳಿಗೆ ಸರಕಾರ ಕೊಡಬೇಕಾದ ಪರಿಹಾರದ ಸಂದರ್ಭದಲ್ಲಿ, ಆ ಉಚ್ಚ ನ್ಯಾಯಾಲಯದ ವ್ಯಾಪ್ತಿಯ ಪ್ರದೇಶಕ್ಕೆ. ಮುಂಬಯಿಯ ಅಥವಾ ಹೈದರಾಬಾದಿನ ಸಾಕುನಾಯಿಯ ಒಡೆಯನಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಮಾತುಕತೆಯಲ್ಲಿ ಅಳತೆಗೋಲಾಗಿ ಎದುರಿಗೆ ಬರುತ್ತದೆ, ಅಷ್ಟೆ. ದೆಹಲಿಯ ಸೆರಗಿನ ನೋಯ್ಡಾ ಪ್ರಾಧಿಕಾರ 2022ರಲ್ಲಿ ಮಾಡಿದ ನಿರ್ಣಯ ಇದಕ್ಕಿಂತ ಸರಳ: ಸಾಕುನಾಯಿ ಕಚ್ಚಿದರೆ 2023ರ ಮಾರ್ಚಿ 1ರಿಂದ ಒಡೆಯನಿಗೆ 10,000 ರೂಪಾಯಿ ದಂಡ, ಚಿಕಿತ್ಸೆಯ ವೆಚ್ಚವೂ ಅವನದೇ.

ಉಳಿದೆಡೆಗಳಲ್ಲಿ ಲೆಕ್ಕವನ್ನು ನಾವೇ ಹಾಕಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕುಂದಾಪುರದ ಕಡೆಯ ಹುಡುಗನೊಬ್ಬ ಮುಂಬಯಿಯ ಹೋಟೆಲೊಂದರಲ್ಲಿ ದಿನಕ್ಕೆ 700 ರೂಪಾಯಿಗೆ ದುಡಿಯುತ್ತಾನೆ. ನಾಲ್ಕನೆಯ ಮಹಡಿಗೆ ತಿಂಡಿ ಕೊಡಲು ಹೋದಾಗ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಲಸಿಕೆ ನಗರಪಾಲಿಕೆಯ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯಿತು. ಸೀರಮ್, ಔಷಧ, ಪಟ್ಟಿಗಳಿಗೆ ಹೊರಗೆ 6,500 ರೂಪಾಯಿ ಖರ್ಚಾಯಿತು. ಹತ್ತು ದಿನ ನಿಂತು ಕೆಲಸ ಮಾಡಲಾಗದೆ 7,000 ರೂಪಾಯಿ ಸಂಬಳ ಹೋಯಿತು. ಅನಂತರದ ಸೂಜಿಗಳಿಗಾಗಿ ಎರಡು ಅರ್ಧ ದಿನಗಳ ರಜೆಗೆ 700. ಜತೆಗಾರನೊಂದಿಗೆ ರಿಕ್ಷಾ ಬಾಡಿಗೆ 1,200. ಹರಿದ ಬಟ್ಟೆಗೆ 900. ಒಟ್ಟು 16,300 ರೂಪಾಯಿ. ಇಷ್ಟು ಕೂಡಿಸಿ ಕಳೆಯುವ ಲೆಕ್ಕ. ಇದರ ಮೇಲೆ ನೋವಿಗೆ, ಉಳಿಯುವ ಕಲೆಗೆ, ಭಯಕ್ಕೆ ಸಲ್ಲುವ ಮೊತ್ತ ಬೇರೆ. ಅದಕ್ಕೆ ಸೂತ್ರವಿಲ್ಲ, ಗಾಯದ ಸ್ಥಳ, ವಯಸ್ಸು, ಉದ್ಯೋಗಗಳನ್ನು ನೋಡಿ ನಿರ್ಧರಿಸಬೇಕಾದದ್ದು.

ಈ ಹುಡುಗನ ಕೈಗೆ ಬಾಗಿಲಲ್ಲಿಯೇ 2,000 ರೂಪಾಯಿ ತುರುಕಿ "ಹೋಗಪ್ಪಾ, ಇಲ್ಲಿಗೆ ಮುಗಿಯಿತು" ಎನ್ನುವವರಿದ್ದಾರೆ. ಅವನು ತೆಗೆದುಕೊಂಡು ಹೋಗಿಯೂ ಬಿಡುತ್ತಾನೆ. ಸೀರಮಿನ ಬೆಲೆ ತಿಳಿದ ಕ್ಷಣ ಅದನ್ನು ಕೈಬಿಡುತ್ತಾನೆ; ಹಬ್ಬಕ್ಕೆ ಊರಿಗೆ ಹೋದಾಗ ಉಳಿದ ಸೂಜಿಗಳನ್ನೂ ಮರೆಯುತ್ತಾನೆ. ಅಗ್ಗದ ರಾಜಿಯ ನಿಜವಾದ ಅಪಾಯ ಇದು. ನನ್ನ ಅಭಿಪ್ರಾಯದಲ್ಲಿ ಚಿಕಿತ್ಸೆಯ ಹಣವನ್ನೂ ಪರಿಹಾರದ ಹಣವನ್ನೂ ಒಂದೇ ಲಕೋಟೆಯಲ್ಲಿ ಹಾಕಬಾರದು. ಚಿಕಿತ್ಸೆಯದಕ್ಕೆ ಚೌಕಾಸಿ ಇಲ್ಲ; ಒಡೆಯರೇ ಜತೆಗೆ ಹೋಗಿ ಸೀರಮನ್ನು ಕೊಡಿಸಿ ಬರಬೇಕು. ತಪ್ಪು ಯಾರದೆಂಬ ತರ್ಕ ಆಮೇಲೆ ನಡೆಯಲಿ. ಹುಡುಗನಾದರೂ ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿಡಬೇಕು. ಅದನ್ನು ತೋರಿಸಿದರೆ ಊರಿನ ಸರಕಾರಿ ಆಸ್ಪತ್ರೆಯಲ್ಲಿಯೂ ಉಳಿದ ಸೂಜಿಗಳನ್ನು ಕೊಡುತ್ತಾರೆ. ಕೆಲಸದ ಮೇಲಿದ್ದಾಗ ಆದ ಗಾಯವೆಂದು ಹೋಟೆಲಿನ ಧಣಿಗೆ ತಿಳಿಸಿ ಬರೆಯಿಸಿಟ್ಟುಕೊಳ್ಳುವುದೂ ಅಗತ್ಯ, ಇ.ಎಸ್.ಐ. ಸೌಲಭ್ಯವುಳ್ಳವನಾದರೆ ಅಲ್ಲಿಯೂ ಹಕ್ಕು ಉಂಟಾಗುತ್ತದೆ.

ಒಂದು ದಿನ ವಕೀಲರ ನೋಟೀಸು ಬಂದಿತೆನ್ನೋಣ. "ಐದು ಲಕ್ಷ ರೂಪಾಯಿ, ಹದಿನೈದು ದಿನಗಳೊಳಗೆ, ತಪ್ಪಿದಲ್ಲಿ" ಎಂಬ ಧಾಟಿ. ಅದನ್ನು ಓದಿ ಕೆಲವರು ರಕ್ತದೊತ್ತಡ ಏರಿಸಿಕೊಳ್ಳುತ್ತಾರೆ, ಕೆಲವರು ಕಪಾಟಿನಲ್ಲಿಟ್ಟು ಮರೆಯುತ್ತಾರೆ, ಮತ್ತೆ ಕೆಲವರು ಮೊಬೈಲಿನಲ್ಲಿ ಸೊಸೈಟಿಯ ಬಳಗಕ್ಕೆಲ್ಲ ಕಾಣುವಂತೆ ಬೈದು ಬರೆಯುತ್ತಾರೆ. ಮೂರೂ ಹಾನಿಕರ, ಮೂರನೆಯದಂತೂ ಎದುರು ಪಕ್ಷಕ್ಕೆ ಪುಕ್ಕಟೆ ಸಾಕ್ಷ್ಯ. ನೋಟೀಸಿನಲ್ಲಿರುವುದು ಕೇಳಿಕೆಯ ಅಂಕೆ, ತೀರ್ಪಿನ ಅಂಕೆ ಅಲ್ಲ. ಅದರಲ್ಲಿ ಹೇಳಿದ ಒಂದೊಂದು ಬಾಬಿಗೂ ರಸೀದಿ, ಸಂಬಳದ ದಾಖಲೆ, ವೈದ್ಯರ ಪ್ರಮಾಣಪತ್ರಗಳನ್ನು ಸೌಜನ್ಯದಿಂದ ಕೇಳಿ ಉತ್ತರ ಬರೆಯಬಹುದು. ತುಸು ತರಚಿದ್ದಕ್ಕೆ ಲಕ್ಷಗಟ್ಟಲೆ ಕೇಳುವವರು ಇಲ್ಲದಿಲ್ಲ. ಅಂಥವರು ಕಾಗದ ಕೇಳಿದೊಡನೆ ಇಳಿಯುತ್ತಾರೆ. ರಾಜಿಯ ಮಾತನ್ನು ಪತ್ರದಲ್ಲಿ ಆಡುವುದಾದರೆ, ಈ ಪ್ರಸ್ತಾಪವನ್ನು ಸಾಕ್ಷ್ಯವಾಗಿ ಬಳಸಬಾರದೆಂಬ ಷರತ್ತಿನೊಂದಿಗೆ ಬರೆಯುತ್ತಿರುವುದಾಗಿ ಮೊದಲ ಸಾಲಿನಲ್ಲಿಯೇ ನಮೂದಿಸಬೇಕು. ಸಿವಿಲ್ ವ್ಯಾಜ್ಯದಲ್ಲಿ ಅಂತಹ ಪತ್ರಕ್ಕೆ ಕಾನೂನಿನ ರಕ್ಷಣೆಯಿದೆ.

ನಾಯಿಗೆ ವಿಮೆ ಇದ್ದು ಅದರಲ್ಲಿ ಇತರರಿಗಾದ ಹಾನಿಯ ಹೊಣೆಯೂ ಸೇರಿದ್ದರೆ ವಿಮಾ ಕಂಪೆನಿಗೆ ತಡಮಾಡದೆ ತಿಳಿಸಬೇಕು. ಅವರನ್ನು ಕೇಳದೆ ಹೊಣೆಯನ್ನು ಒಪ್ಪಿಕೊಂಡರೆ ಇಲ್ಲವೆ ದೊಡ್ಡ ಮೊತ್ತ ಕೊಟ್ಟರೆ ಕಂಪೆನಿ ಕೈತೊಳೆದುಕೊಳ್ಳಬಹುದು. ಅಂದಮಾತ್ರಕ್ಕೆ ಗಾಯಗೊಂಡವನನ್ನು ಆಸ್ಪತ್ರೆಗೆ ಒಯ್ಯುವುದಕ್ಕೆ ಕಂಪೆನಿಯ ಅನುಮತಿಯನ್ನು ಕಾಯಬೇಕಾಗಿಲ್ಲ.

ರಾಜಿಗೆ ಒಪ್ಪಿದ ಮೇಲೆ ಅದು ಬರಹದಲ್ಲಿರಲಿ, ಹಣ ಬ್ಯಾಂಕಿನ ಮೂಲಕ ಸಲ್ಲಲಿ. ಸಹಿ ಮಾಡುವವನಿಗೆ ಮರಾಠಿಯೋ ತೆಲುಗೋ ಇಂಗ್ಲೀಷೋ ಓದಲು ಬಾರದಿದ್ದರೆ ಕನ್ನಡದಲ್ಲಿ ಓದಿಹೇಳಿದ ಒಬ್ಬರ ಸಹಿಯೂ ಇರಲಿ. ಸಂಘದ ಹಿರಿಯರು ಈ ಕೆಲಸಕ್ಕೆ ಸಲ್ಲುತ್ತಾರೆ. ಲೋಕ ಅದಾಲತ್ತಿನ ಮುಂದೆ ರಾಜಿಯಾದರೆ ಅದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿಯೂ ಇಲ್ಲ. ಹೊಸ ದಾವೆ ಹೂಡುವ ಮೊದಲೇ ಅಲ್ಲಿಗೆ ಹೋಗಬಹುದು. ದಾವೆಯ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಒಂದು ಸಂಗತಿ ಮಾತ್ರ ಬಹುಮಂದಿಗೆ ತಿಳಿದಿಲ್ಲ. ಪೋಲೀಸು ದೂರು ದಾಖಲಾಗಿದ್ದರೆ, ಇಬ್ಬರೂ ಕೈಕುಲುಕಿ ಕಾಗದ ಬರೆದುಕೊಂಡ ಮಾತ್ರಕ್ಕೆ ಆ ಮೊಕದ್ದಮೆ ಅಳಿಯುವುದಿಲ್ಲ. ಪ್ರಾಣಿಯ ವಿಷಯದ ಉಪೇಕ್ಷೆಯ ಅಪರಾಧ ಪಕ್ಷಗಾರರು ತಾವೇ ರಾಜಿಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ರಾಜಿಪತ್ರವನ್ನು ಹಿಡಿದು ಉಚ್ಚ ನ್ಯಾಯಾಲಯಕ್ಕೆ ಹೋಗಿ ರದ್ದುಪಡಿಸಬೇಕೆಂದು ಕೋರಬೇಕು. ದೂರು ಕೊಟ್ಟವರು ಅದಕ್ಕೆ ಸಹಕರಿಸುವುದಾಗಿ ರಾಜಿಪತ್ರದಲ್ಲಿಯೇ ಒಂದು ಸಾಲು ಬರೆಯಿಸಿಕೊಳ್ಳದಿದ್ದವರು ಹಣ ತೆತ್ತ ಮೇಲೂ ಮ್ಯಾಜಿಸ್ಟ್ರೇಟರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಮಗುವಿಗೆ ಕಚ್ಚಿದ ಪ್ರಕರಣಗಳಲ್ಲಿ ಆತುರ ಇನ್ನೂ ಸಲ್ಲದು. ಮಗು ಎತ್ತರದಲ್ಲಿ ಸಣ್ಣದು, ನಾಯಿಯ ಬಾಯಿಗೆ ಸಮೀಪ. ಗಾಯ ಮುಖಕ್ಕೋ ಕುತ್ತಿಗೆಗೋ ಆಗುವ ಸಂಭವ ಹೆಚ್ಚು. ಅಲ್ಲಿಂದ ಮಿದುಳಿಗೆ ದೂರ ಕಡಿಮೆಯಾದ್ದರಿಂದ ಚಿಕಿತ್ಸೆಯಲ್ಲಿ ಒಂದು ಗಳಿಗೆಯ ತಡವೂ ಕೂಡದು. ಪರಿಹಾರದ ಇತ್ಯರ್ಥಕ್ಕೆ ಮಾತ್ರ ತಾಳ್ಮೆ ಬೇಕು. ಮುಖದ ಕಲೆ ಮಾಗಿ ತನ್ನ ಕೊನೆಯ ರೂಪಕ್ಕೆ ಬರಲು ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ಆಗ ಹೇಳಬಲ್ಲರು. ದಾವೆ ನ್ಯಾಯಾಲಯದಲ್ಲಿದ್ದರೆ, ಅಪ್ರಾಪ್ತ ವಯಸ್ಕರ ಪರವಾಗಿ ತಂದೆ ಮಾಡಿಕೊಳ್ಳುವ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು. ಮಗುವಿನ ಹಕ್ಕಿನ ಕಾಲಮಿತಿಯೂ ಅದು ಪ್ರಾಯಕ್ಕೆ ಬಂದ ಮೇಲೆಯೇ ಎಣಿಕೆಯಾಗುತ್ತದೆ. ಹುಡುಗಿಯ ಕೆನ್ನೆಯ ಗಾಯಕ್ಕೆ ಎರಡನೆಯ ವಾರದಲ್ಲಿಯೇ ಹಣ ಕೊಟ್ಟು "ಸಂಪೂರ್ಣ ಚುಕ್ತಾ" ಎಂದು ತಂದೆಯಿಂದ ಬರೆಯಿಸಿಕೊಂಡ ಕಾಗದವನ್ನು ನೆಚ್ಚುವುದಕ್ಕಿಂತ, ಕಲೆ ಮಾಗುವವರೆಗೆ ಚಿಕಿತ್ಸೆಯ ಬಿಲ್ಲುಗಳನ್ನು ಆಗಾಗ ತೀರಿಸುತ್ತಾ, ರಸೀದಿಗಳನ್ನು ಇಬ್ಬರೂ ಇಟ್ಟುಕೊಂಡು, ವರ್ಷದ ಬಳಿಕ ವೈದ್ಯರ ಅಭಿಪ್ರಾಯವನ್ನು ಮುಂದಿಟ್ಟುಕೊಂಡು ಕುಳಿತು ಮಾತನಾಡುವುದು ಎರಡು ಮನೆಗಳಿಗೂ ಕ್ಷೇಮ.